ಬೋನ್ ಸ್ಕ್ಯಾನ್ ಮಂಜಾಗಿ ಬರುತ್ತಿದೆ: ಡೋಸ್ ಏರಿಸಿದರೆ ಸರಿಹೋದೀತೆ?

ಓದುಗರ ಪ್ರಶ್ನೆ: "ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ನಮ್ಮದು ಎರಡು ಡಿಟೆಕ್ಟರ್‌ಗಳ ಗಾಮಾ ಕ್ಯಾಮೆರಾ, ಬಂದು ಒಂಬತ್ತು ವರ್ಷವಾಯಿತು. ಕೆಲವು ತಿಂಗಳಿಂದ ಬೋನ್ ಸ್ಕ್ಯಾನ್ ಚಿತ್ರಗಳು ಮಂಜು ಮಂಜಾಗಿವೆ. ಪಕ್ಕೆಲುಬುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ, ಬೆನ್ನಿನ ಮಣಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಮೂಳೆಗೆ ಹಿಡಿಯುವ ವಿಕಿರಣಶೀಲ ಔಷಧ ಟೆಕ್ನೀಷಿಯಂ-99ಎಂ ಎಂಡಿಪಿಯನ್ನು 20 ಮಿಲಿಕ್ಯೂರಿ ಕೊಟ್ಟು ಎರಡು ಗಂಟೆಗೆ ಸ್ಕ್ಯಾನ್ ಶುರು ಮಾಡುತ್ತೇವೆ. ಮೇಜಿನ ವೇಗ ನಿಮಿಷಕ್ಕೆ 18 ಸೆಂ.ಮೀ., ಲೋ ಎನರ್ಜಿ ಹೈ ರೆಸಲ್ಯೂಷನ್ ಕಾಲಿಮೇಟರ್ (ಡಿಟೆಕ್ಟರ್ ಮುಂದಿನ ರಂಧ್ರಗಳಿರುವ ಸೀಸದ ಫಲಕ), ಎನರ್ಜಿ ವಿಂಡೋ (ಕ್ಯಾಮೆರಾ ಎಣಿಸುವ ಕಿರಣಗಳ ಶಕ್ತಿಯ ವ್ಯಾಪ್ತಿ) ಶೇ. 20. ದಿನವೂ ಬೆಳಿಗ್ಗೆ ಕೋಬಾಲ್ಟ್-57 ಶೀಟ್ ಇಟ್ಟು, ಡಿಟೆಕ್ಟರ್ ಎಲ್ಲೆಡೆ ಒಂದೇ ಸಮನಾಗಿ ಎಣಿಸುತ್ತದೆಯೇ ಎಂದು ನೋಡುವ ಯೂನಿಫಾರ್ಮಿಟಿ ಪರೀಕ್ಷೆ ಪಾಸಾಗುತ್ತದೆ. ಡಿಟೆಕ್ಟರನ್ನು ಮೈಗೆ ಹತ್ತಿರ ಇರಿಸುವ ಬಾಡಿ ಕಾಂಟೂರ್ ಸೆನ್ಸರ್ ಕೈಕೊಟ್ಟಿರುವುದರಿಂದ ಡಿಟೆಕ್ಟರ್ ಎತ್ತರವನ್ನು ಒಮ್ಮೆ ಕೈಯಿಂದಲೇ ಹೊಂದಿಸಿ ಹಾಗೇ ಬಿಡುತ್ತೇವೆ. ರಿಪೋರ್ಟ್ ಬರೆಯುವ ಡಾಕ್ಟರು ಡೋಸನ್ನು 25 ಮಿಲಿಕ್ಯೂರಿಗೆ ಏರಿಸೋಣ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ವಿಂಡೋವನ್ನು ಶೇ. 10ಕ್ಕೆ ಇಳಿಸಿ ಎನ್ನುತ್ತಾರೆ. ಕಂಪನಿಯ ಪ್ರತಿನಿಧಿ ಎಐ ಸಾಫ್ಟ್‌ವೇರ್ ಹಾಕಿಸಿ ಎನ್ನುತ್ತಾರೆ. ಯಾವುದನ್ನು ಮೊದಲು ಮಾಡಬೇಕು?"

ಉತ್ತರ:

ಮೂರರಲ್ಲಿ ಯಾವುದನ್ನೂ ಮೊದಲು ಮಾಡಬೇಡಿ. ಚಿತ್ರ ಎಲ್ಲಿ ಕೆಡುತ್ತಿದೆ ಎಂಬುದು ನೀವು ಬರೆದ ವಿವರದಲ್ಲೇ ಇದೆ: ಡಿಟೆಕ್ಟರಿನ ಎತ್ತರ, ಮೇಜಿನ ವೇಗ, ಕಾಯುವ ಅವಧಿ. ಸೆನ್ಸರ್ ರಿಪೇರಿಯೊಂದನ್ನು ಬಿಟ್ಟರೆ ಇವನ್ನು ಸರಿಪಡಿಸಲು ಖರ್ಚಿಲ್ಲ, ರೋಗಿಗೆ ಹೆಚ್ಚಿನ ವಿಕಿರಣವೂ ಇಲ್ಲ. ಇನ್ನೊಂದು ಅನುಮಾನವೂ ಇದೆ. ಅದು ನೀವು ಪಾಸಾಗುತ್ತಿದೆ ಎನ್ನುವ ಕೋಬಾಲ್ಟ್ ಪರೀಕ್ಷೆಗೇ ಸಂಬಂಧಿಸಿದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೂರನ್ನೇ ಸ್ವಲ್ಪ ಬಿಡಿಸಿಕೊಳ್ಳೋಣ. ಮಂಜು ಎಂದು ಹೇಳುವಾಗ ನಾವು ಮೂರು ಬೇರೆ ಬೇರೆ ದೋಷಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರುತ್ತೇವೆ. ಒಂದು, ಕೌಂಟ್ (ಕ್ಯಾಮೆರಾ ಎಣಿಸಿದ ಫೋಟಾನ್‌ಗಳ, ಅಂದರೆ ಗಾಮಾ ಕಿರಣದ ಕಣಗಳ ಸಂಖ್ಯೆ) ಸಾಲದೆ ಚಿತ್ರ ಚುಕ್ಕೆಚುಕ್ಕೆಯಾಗಿ ಕಾಣುವುದು. ಇನ್ನೊಂದು, ಅಂಚುಗಳೇ ಹರಡಿಹೋಗುವುದು. ಹಿನ್ನೆಲೆ ಸ್ವಚ್ಛವಾಗಿದ್ದರೂ ಪಕ್ಕದಲ್ಲಿರುವ ಎರಡು ವಸ್ತುಗಳು ಬೇರೆಯಾಗಿ ತೋರುವುದಿಲ್ಲ. ಮತ್ತೊಂದು, ಅಂಚು ಸರಿಯಿದ್ದರೂ ಮೂಳೆಗಳ ನಡುವಿನ ಜಾಗವೆಲ್ಲ ಬೂದು ಬಣ್ಣಕ್ಕೆ ತಿರುಗಿ ಮೂಳೆ ಎದ್ದು ಕಾಣದಿರುವುದು. ಮೊದಲನೆಯದಕ್ಕೆ ಮಾತ್ರ ಡೋಸ್ ಮದ್ದು. ಉಳಿದೆರಡಕ್ಕೆ ಎಷ್ಟು ಮಿಲಿಕ್ಯೂರಿ ಸುರಿದರೂ ಅಷ್ಟೇ. ಮಂಜು ನುಣುಪಾಗಬಹುದು, ಹೋಗುವುದಿಲ್ಲ.

ನಿಮ್ಮಲ್ಲಿ ಯಾವುದು ಹೆಚ್ಚು ಎಂದು ತಿಳಿಯಲು ಹಳೆಯ ಡೇಟಾ ಸಾಕು. ಚಿತ್ರ ಚೆನ್ನಾಗಿದ್ದ ಕಾಲದ ಹತ್ತು ಸ್ಕ್ಯಾನ್, ಈಗಿನ ಹತ್ತು ಸ್ಕ್ಯಾನ್ ಆರಿಸಿಕೊಳ್ಳಿ. ವಯಸ್ಸು, ತೂಕ ಹತ್ತಿರಹತ್ತಿರ ಇರಲಿ. ಪ್ರತಿಯೊಂದರ ಮುಂಬದಿ ಮತ್ತು ಹಿಂಬದಿ ಚಿತ್ರದ ಒಟ್ಟು ಕೌಂಟ್ ಬರೆದುಕೊಳ್ಳಿ, ಅದು ಚಿತ್ರದ ಮಾಹಿತಿಯಲ್ಲೇ ಇರುತ್ತದೆ. ಆಮೇಲೆ ತೊಡೆಮೂಳೆಯ ನಡುಭಾಗದಲ್ಲಿ ಒಂದು ಆರ್‌ಒಐ (ಕೌಂಟ್ ಎಣಿಸಲು ಚಿತ್ರದ ಮೇಲೆ ಗುರುತು ಹಾಕುವ ಭಾಗ), ಅದೇ ಮಟ್ಟದಲ್ಲಿ ಒಳತೊಡೆಯ ಮಾಂಸದ ಮೇಲೆ ಅಷ್ಟೇ ಗಾತ್ರದ ಇನ್ನೊಂದು ಆರ್‌ಒಐ ಹಾಕಿ ಅನುಪಾತ ತೆಗೆಯಿರಿ. ಕೌಂಟ್ ಇಳಿದಿದ್ದರೆ ವೇಗ, ಡೋಸ್, ಇಂಜೆಕ್ಷನ್ ಕಡೆ ನೋಡಿ. ಕೌಂಟ್ ಇಳಿಯದೆ ಅನುಪಾತ ಮಾತ್ರ ಇಳಿದಿದ್ದರೆ ಕಾಯುವ ಅವಧಿ, ಕಿಟ್ (ಟೆಕ್ನೀಷಿಯಂ ಬೆರೆಸಿ ಔಷಧ ತಯಾರಿಸುವ ಎಂಡಿಪಿ ವಯಲ್), ಎನರ್ಜಿ ವಿಂಡೋ. ಎರಡೂ ಹೆಚ್ಚುಕಡಿಮೆ ಹಾಗೇ ಇದ್ದು ಪಕ್ಕೆಲುಬುಗಳು ಅಂಟಿಕೊಂಡಿದ್ದರೆ ಕಾರಣ ಡಿಟೆಕ್ಟರಿನ ದೂರ. ಈ ಲೆಕ್ಕಕ್ಕೆ ಅರ್ಧ ದಿನ ಹಿಡಿಯಬಹುದು, ಆದರೆ ಡಾಕ್ಟರ ಮುಂದೆ ಇಡಲು ಇದಕ್ಕಿಂತ ಗಟ್ಟಿ ಕಾಗದ ಬೇರೆ ಸಿಗದು.

ಒಂದು ಸಣ್ಣ ಎಚ್ಚರಿಕೆ. ಲೆಕ್ಕಕ್ಕೆ ಕೂರುವ ಮುನ್ನ ಪರದೆಯ ಸ್ಕೇಲ್ ನೋಡಿ. ಮೂತ್ರಕೋಶ ತುಂಬಿದ್ದರೆ ಚಿತ್ರದ ಅತಿ ಹೆಚ್ಚು ಕೌಂಟ್ ಅಲ್ಲೇ ಇರುತ್ತದೆ. ಸಾಫ್ಟ್‌ವೇರ್ ಅದನ್ನೇ ನೂರು ಶೇಕಡಾ ಎಂದು ಹಿಡಿದು ಇಡೀ ಅಸ್ಥಿಪಂಜರವನ್ನು ಮಸುಕಾಗಿಸುತ್ತದೆ. ಇಂಥ ಚಿತ್ರಕ್ಕೆ ಕ್ಯಾಮೆರಾವನ್ನು ದೂರಿ ಫಲವಿಲ್ಲ.

ದೂರ: ಕೌಂಟ್ ಇಳಿಯದು, ಚಿತ್ರ ಕೆಡುವುದು

ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ಮೊದಲು ನಿಂತದ್ದು ಸೆನ್ಸರ್ ಕೈಕೊಟ್ಟ ಸಾಲಿನ ಮೇಲೆ. ಗಾಮಾ ಕ್ಯಾಮೆರಾದಲ್ಲಿ ಲೆನ್ಸ್ ಇಲ್ಲ. ಸೀಸದ ಸಣ್ಣ ರಂಧ್ರಗಳೇ ಚಿತ್ರ ಕಟ್ಟುತ್ತವೆ. ಪ್ರತಿ ರಂಧ್ರವೂ ತನ್ನ ಎದುರಿನ ಬಿಂದುವನ್ನಷ್ಟೇ ಅಲ್ಲ, ದೂರ ಹೋದಷ್ಟೂ ಅಗಲವಾಗುವ ಒಂದು ಶಂಕುವನ್ನು ನೋಡುತ್ತದೆ. ಸಾಮಾನ್ಯ ಹೈ ರೆಸಲ್ಯೂಷನ್ ಕಾಲಿಮೇಟರ್‌ನಲ್ಲಿ ವಿಕಿರಣದ ಮೂಲವು ಮುಖಕ್ಕೆ ತಾಗಿದ್ದಾಗ ಒಟ್ಟು ರೆಸಲ್ಯೂಷನ್ (ಒಂದು ಬಿಂದು ಚಿತ್ರದಲ್ಲಿ ಹರಡುವ ಅಗಲ) 4ರಿಂದ 5 ಮಿ.ಮೀ. ಇದ್ದರೆ, 10 ಸೆಂ.ಮೀ. ದೂರದಲ್ಲಿ 7ರಿಂದ 8 ಮಿ.ಮೀ., 20 ಸೆಂ.ಮೀ.ಗೆ ಹೋದರೆ ಸುಮಾರು 12 ಮಿ.ಮೀ. ಆಗುತ್ತದೆ. ಹೊಟ್ಟೆ ಮುಂದಿರುವ ರೋಗಿಗೆ ತಾಗದಂತೆ ಡಿಟೆಕ್ಟರನ್ನು ಎತ್ತಿ ಇಟ್ಟರೆ ಎದೆಯ ಮೇಲೆ 10 ಸೆಂ.ಮೀ., ಕಾಲಿನ ಮೇಲೆ ಇನ್ನೂ ಹೆಚ್ಚು ಖಾಲಿ ಜಾಗ ಉಳಿಯುವುದು ಮಾಮೂಲು. ಆ ಎತ್ತರ ಮುಂದಿನ ತೆಳ್ಳಗಿನ ರೋಗಿಗೂ ಹಾಗೇ ಉಳಿದುಬಿಡುತ್ತದೆ.

ಈ ತಪ್ಪು ಯಾಕೆ ಬೇಗ ಗೊತ್ತಾಗುವುದಿಲ್ಲ ಅಂದರೆ, ಸಮಾನಾಂತರ ರಂಧ್ರಗಳ ಕಾಲಿಮೇಟರ್‌ನಲ್ಲಿ ಡಿಟೆಕ್ಟರನ್ನು ದೂರ ಸರಿಸಿದರೂ ಕೌಂಟ್ ರೇಟ್ ಬಹುತೇಕ ಇಳಿಯುವುದಿಲ್ಲ. ಒಂದೊಂದು ರಂಧ್ರಕ್ಕೆ ಬರುವ ಫೋಟಾನ್ ಕಡಿಮೆಯಾದರೂ ಅದೇ ಬಿಂದುವನ್ನು ನೋಡುವ ರಂಧ್ರಗಳ ಸಂಖ್ಯೆ ಅಷ್ಟೇ ಹೆಚ್ಚುತ್ತದೆ. ಪರದೆಯ ಮೇಲೆ ಕೌಂಟ್ ಸರಿಯಾಗಿಯೇ ಓಡುತ್ತಿರುತ್ತದೆ. ಬೆಳಗಿನ ಯೂನಿಫಾರ್ಮಿಟಿ ಪರೀಕ್ಷೆಗೂ ಇದು ಸಿಗದು, ಅಲ್ಲಿ ಶೀಟ್ ಡಿಟೆಕ್ಟರಿಗೆ ಒತ್ತಿಕೊಂಡೇ ಇರುತ್ತದೆ.

ಕಣ್ಣಾರೆ ನೋಡಬೇಕೆಂದರೆ ನಾಲ್ಕು ಭಾಗದ ಬಾರ್ ಫ್ಯಾಂಟಮ್ಮನ್ನು (ಬೇರೆ ಬೇರೆ ಅಗಲದ ಸೀಸದ ಗೆರೆಗಳಿರುವ ಪರೀಕ್ಷಾ ಫಲಕ) ಕಾಲಿಮೇಟರ್ ಮೇಲಿಟ್ಟು, ಅದರ ಮೇಲೆ ಕೋಬಾಲ್ಟ್ ಶೀಟ್ ಇಟ್ಟು ಒಂದು ಚಿತ್ರ ತೆಗೆಯಿರಿ. ಬಳಿಕ ಎರಡನ್ನೂ 10 ಸೆಂ.ಮೀ. ದಪ್ಪದ ಥರ್ಮೊಕೋಲ್ ಮೇಲೆ ಎತ್ತಿ ಅಷ್ಟೇ ಕೌಂಟ್‌ಗೆ ಇನ್ನೊಂದು. ಮೊದಲ ಚಿತ್ರದಲ್ಲಿ ಬಿಡಿಯಾಗಿದ್ದ ಗೆರೆಗಳು ಎರಡನೆಯದರಲ್ಲಿ ಬೂದುಬಣ್ಣದ ಪಟ್ಟಿಯಾಗಿರುತ್ತವೆ. ಸ್ಪಷ್ಟವಾಗಿ ಕಾಣುವ ಅತಿ ಕಿರಿದಾದ ಗೆರೆಯ ಅಗಲವನ್ನು 1.75ರಿಂದ ಗುಣಿಸಿದರೆ ರೆಸಲ್ಯೂಷನ್ನಿನ ಅಂದಾಜು ಸಿಗುತ್ತದೆ. ಫ್ಯಾಂಟಮ್ ಇಲ್ಲದಿದ್ದರೆ ಒಳವ್ಯಾಸ 1 ಮಿ.ಮೀ.ಗಿಂತ ಕಡಿಮೆಯಿರುವ ಎರಡು ಕ್ಯಾಪಿಲರಿ ಕೊಳವೆಗಳಿಗೆ ಟೆಕ್ನೀಷಿಯಂ ತುಂಬಿ, ಬಾಯಿಗೆ ಮೇಣ ಹಚ್ಚಿ, ಸರಿಯಾಗಿ 5 ಸೆಂ.ಮೀ. ಅಂತರದಲ್ಲಿ ಅಂಟಿಸಿ, ಡಿಟೆಕ್ಟರಿನಿಂದ 10 ಸೆಂ.ಮೀ. ದೂರದಲ್ಲಿಡಿ. ಅಡ್ಡ ಪ್ರೊಫೈಲ್ ತೆಗೆದು ಶಿಖರದ ಅರ್ಧ ಎತ್ತರದಲ್ಲಿ ಅಗಲ ಅಳೆಯಿರಿ. ಎರಡು ಶಿಖರಗಳ ನಡುವಿನ ಪಿಕ್ಸೆಲ್‌ಗಳನ್ನು ಎಣಿಸಿದರೆ ಪಿಕ್ಸೆಲ್ ಗಾತ್ರವೂ ಅಲ್ಲೇ ಗೊತ್ತಾಗುತ್ತದೆ.

ಪರಿಹಾರ: ಸೆನ್ಸರನ್ನು ರಿಪೇರಿ ಮಾಡಿಸುವುದೇ. ಅದು ಆಗುವವರೆಗೆ ಒಬ್ಬೊಬ್ಬ ರೋಗಿಗೂ ಎತ್ತರವನ್ನು ಹೊಸದಾಗಿ ಹೊಂದಿಸಿ. ಮೇಲಿನ ಡಿಟೆಕ್ಟರ್ ದೇಹದ ಅತಿ ಎತ್ತರದ ಜಾಗದಿಂದ 2-3 ಸೆಂ.ಮೀ. ಮೇಲಿರಲಿ, ಕೆಳಗಿನದನ್ನು ಮೇಜಿನ ತಳಕ್ಕೆ ಆದಷ್ಟು ಹತ್ತಿರ ತನ್ನಿ. ಕೆಳಗಿನದನ್ನು ಮರೆಯುವವರೇ ಹೆಚ್ಚು, ಬೆನ್ನುಮೂಳೆ ಚೆನ್ನಾಗಿ ಕಾಣಬೇಕಾದದ್ದು ಮಾತ್ರ ಅದರಲ್ಲೇ. ಇಡೀ ದೇಹದ ಚಿತ್ರದ ಜೊತೆಗೆ ಎದೆ ಮತ್ತು ಸೊಂಟಕ್ಕೆ ಡಿಟೆಕ್ಟರ್ ಒತ್ತಿ ಬಿಡಿ ಚಿತ್ರ ತೆಗೆಯಿರಿ: 256 × 256 ಮ್ಯಾಟ್ರಿಕ್ಸ್, ಎದೆಗೆ 5ರಿಂದ 10 ಲಕ್ಷ ಕೌಂಟ್, ಅದಕ್ಕೆ ಹಿಡಿದಷ್ಟೇ ಸಮಯ ಉಳಿದ ಭಾಗಗಳಿಗೆ. ಇದರಲ್ಲಿರುವ ಅಪಾಯ ಒಂದೇ, ಡಿಕ್ಕಿ. ಸೆನ್ಸರ್ ಕೆಟ್ಟಿರುವಾಗ ಟಚ್ ಪ್ಯಾಡ್ ಕೂಡ ಕೆಟ್ಟಿಲ್ಲ ಎಂದು ಕೈಯಿಂದ ಒತ್ತಿ ಖಚಿತಪಡಿಸಿಕೊಳ್ಳಿ. ಸ್ಕ್ಯಾನ್ ನಡೆಯುವಾಗ ಒಬ್ಬರು ತುರ್ತು ನಿಲುಗಡೆ ಬಟನ್ ಪಕ್ಕದಲ್ಲೇ ನಿಂತಿರಲಿ. ಮೂಗು ಮತ್ತು ಕಾಲ್ಬೆರಳು, ಈ ಎರಡು ಜಾಗದ ಮೇಲೆ ಕಣ್ಣಿಡಿ.

ಪಾಸಾದ ಪರೀಕ್ಷೆ, ತಪ್ಪಾದ ವಿಂಡೋ

ಈಗ ಆ ಕೋಬಾಲ್ಟ್ ಅನುಮಾನ. ಕೋಬಾಲ್ಟ್-57ರ ಗಾಮಾ ಕಿರಣ 122 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ), ಟೆಕ್ನೀಷಿಯಂ-99ಎಂದು 140 ಕೆಇವಿ. ಕೋಬಾಲ್ಟ್‌ಗೆ ಶೇ. 20ರ ವಿಂಡೋ ಅಂದರೆ 110ರಿಂದ 134 ಕೆಇವಿ. ಟೆಕ್ನೀಷಿಯಂಗೆ 126ರಿಂದ 154. ಯಾರೋ ಒಮ್ಮೆ ಪ್ರೊಟೊಕಾಲ್ ತಿದ್ದಿ ಸೇವ್ ಮಾಡಿದಾಗ ಕೋಬಾಲ್ಟ್ ವಿಂಡೋ ರೋಗಿಯ ಪ್ರೊಟೊಕಾಲಿನಲ್ಲಿ ಉಳಿದುಕೊಂಡಿದ್ದರೆ ನಿಜವಾದ ಶಿಖರದ (140 ಕೆಇವಿ ಸುತ್ತ ಕೌಂಟ್ ಗುಂಪುಗೂಡುವ ಜಾಗದ) ಬಹುಭಾಗ ಹೊರಗುಳಿದು, ದೇಹದೊಳಗೆ ದಿಕ್ಕು ತಪ್ಪಿ ಚದುರಿದ ಫೋಟಾನ್‌ಗಳೇ ಒಳಗೆ ಬರುತ್ತವೆ. ಬೆಳಗಿನ ಪರೀಕ್ಷೆ ಅದರ ಪಾಡಿಗೆ ಪಾಸಾಗುತ್ತಲೇ ಇರುತ್ತದೆ, ಏಕೆಂದರೆ ಕೋಬಾಲ್ಟ್‌ಗೆ ಅದೇ ಸರಿಯಾದ ವಿಂಡೋ.

ಹಾಗಾಗಿ ಪ್ರೊಟೊಕಾಲಿನ ಹೆಸರನ್ನು ನಂಬಬೇಡಿ, ಸ್ಪೆಕ್ಟ್ರಮ್ (ಯಾವ ಶಕ್ತಿಯ ಫೋಟಾನ್ ಎಷ್ಟು ಬಂತೆಂಬ ನಕ್ಷೆ) ತೆರೆದು ನೋಡಿ. ಸಿರಿಂಜಿನಲ್ಲಿ ಸ್ವಲ್ಪ ಟೆಕ್ನೀಷಿಯಂ ಇಟ್ಟು, ಗಾಳಿಯಲ್ಲಿ ದೂರ ಹಿಡಿದು, ಎರಡೂ ಡಿಟೆಕ್ಟರ್‌ಗಳಲ್ಲಿ ಶಿಖರ ವಿಂಡೋದ ನಡುಮಧ್ಯೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ರೋಗಿಯನ್ನು ಮಲಗಿಸಿ ಆಟೊ ಪೀಕ್ ಬಟನ್ ಒತ್ತುವ ಅಭ್ಯಾಸವಿದ್ದರೆ ಬಿಡಿಸಿ. ದೇಹದೊಳಗಿನಿಂದ ಬರುವ ಸ್ಪೆಕ್ಟ್ರಮ್ಮಿನ ಎಡಭುಜ ಚದುರಿಕೆಯಿಂದ ಉಬ್ಬಿರುತ್ತದೆ, ಯಂತ್ರ ವಿಂಡೋವನ್ನು ಆ ಕಡೆಗೆ ಎಳೆದುಕೊಳ್ಳುತ್ತದೆ.

ವಿಂಡೋ ಕಿರಿದು ಮಾಡುವ ಸಲಹೆಯನ್ನೂ ಇಲ್ಲೇ ತೂಗಿ ನೋಡಬಹುದು. ಅದರ ಹಿಂದಿನ ನಂಬಿಕೆ, ಚದುರಿದ ಫೋಟಾನ್ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಕಿರಿದಾದ ವಿಂಡೋ ಅದನ್ನು ಹೊರಗಿಡುತ್ತದೆ ಎಂಬುದು. ಮಾತು ಸರಿ, ಪ್ರಮಾಣ ತಪ್ಪು. 140 ಕೆಇವಿಯ ಫೋಟಾನ್ 45 ಡಿಗ್ರಿ ತಿರುಗಿದರೂ ಕಳೆದುಕೊಳ್ಳುವುದು ಸುಮಾರು 10 ಕೆಇವಿ ಮಾತ್ರ. ಶೇ. 20ರ ವಿಂಡೋ ಸುಮಾರು 53 ಡಿಗ್ರಿವರೆಗೆ ತಿರುಗಿದ ಫೋಟಾನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಶೇ. 15ಕ್ಕೆ ಇಳಿಸಿದರೆ ಆ ಮಿತಿ 45 ಡಿಗ್ರಿಗೆ ಬರುತ್ತದೆ. ಇಷ್ಟೇ ಲಾಭ. ನಷ್ಟದ ಲೆಕ್ಕವೂ ಇದೆ. ಕ್ಯಾಮೆರಾದ ಎನರ್ಜಿ ರೆಸಲ್ಯೂಷನ್ (ಅರ್ಧ ಎತ್ತರದಲ್ಲಿ ಶಿಖರದ ಅಗಲ) ಶೇ. 10 ಎಂದುಕೊಳ್ಳಿ. ಚದುರದೆ ನೇರವಾಗಿ ಬಂದ ಫೋಟಾನ್‌ಗಳಲ್ಲಿ ಶೇ. 20ರ ವಿಂಡೋ ಸುಮಾರು 98ನ್ನು, ಶೇ. 15ರದ್ದು 92ನ್ನು ಹಿಡಿದರೆ, ಶೇ. 10ರದ್ದು ಬರೀ 76ನ್ನು ಹಿಡಿಯುತ್ತದೆ. ಒಳ್ಳೆಯ ಕೌಂಟ್‌ನ ಕಾಲುಭಾಗ ಚೆಲ್ಲಿದಂತಾಯಿತು. ಮೇಲಾಗಿ ವಿಂಡೋ ಕಿರಿದಾದಷ್ಟೂ ಡಿಟೆಕ್ಟರಿನೊಳಗೆ ಬೆಳಕು ಹಿಡಿಯುವ ಫೋಟೊಮಲ್ಟಿಪ್ಲೈಯರ್ ಟ್ಯೂಬ್‌ಗಳ ನಡುವಿನ ಸಣ್ಣ ವ್ಯತ್ಯಾಸ ಚಿತ್ರದಲ್ಲಿ ವೃತ್ತವೃತ್ತವಾಗಿ ಮೂಡುತ್ತದೆ. ಶೇ. 15ಕ್ಕೆ ಇಳಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದೇ ವಿಂಡೋದಲ್ಲಿ ಯೂನಿಫಾರ್ಮಿಟಿಯನ್ನು ಮೊದಲು ಪರೀಕ್ಷಿಸಿ. ಶೇ. 10 ಬೇಡ.

ಒಂಬತ್ತು ವರ್ಷದ ಕ್ಯಾಮೆರಾ ಎಂದಿರಿ. ಡಿಟೆಕ್ಟರಿನಲ್ಲಿ ಗಾಮಾ ಕಿರಣ ಹಿಡಿಯುವ ಸೋಡಿಯಂ ಅಯೋಡೈಡ್ ಹರಳು ತೇವ ಹೀರುವಂಥದ್ದು. ಅದರ ಮುಚ್ಚಳದ ಬೆಸುಗೆ ಸಡಿಲಾದರೆ ಹರಳಿನೊಳಗೆ ಸಣ್ಣ ಕಲೆಗಳು ಹುಟ್ಟುತ್ತವೆ. ಸರಿಯಾದ ವಿಂಡೋದಲ್ಲಿ ತೆಗೆದ ಫ್ಲಡ್ ಚಿತ್ರ (ಕೋಬಾಲ್ಟ್ ಶೀಟಿನಂಥ ಒಂದೇ ಸಮನಾದ ಮೂಲದ ಚಿತ್ರ) ಇವನ್ನು ಬಹಳ ಕಾಲ ಮುಚ್ಚಿಡುತ್ತದೆ. ವಿಂಡೋವನ್ನು ಬೇಕೆಂದೇ ಶಿಖರದ ಮೇಲ್ಬದಿಗೆ ಒಮ್ಮೆ, ಕೆಳಬದಿಗೆ ಒಮ್ಮೆ ಸರಿಸಿ ಫ್ಲಡ್ ತೆಗೆದರೆ ಸಿಡುಬಿನ ಗುಳ್ಳೆಗಳಂತೆ ಎದ್ದು ಬರುತ್ತವೆ. ವರ್ಷಕ್ಕೆ ಎರಡು ಸಲವಾದರೂ ಹೀಗೆ ನೋಡುವುದು ಒಳ್ಳೆಯದು.

ಕೆಲವು ರೋಗಿಗಳ ಚಿತ್ರ ಮಾತ್ರ ಮಬ್ಬಾಗಿ, ಉಳಿದವರದು ಸರಿಯಿದ್ದರೆ ಅವರ ಹಿಂದಿನ ಪರೀಕ್ಷೆಗಳನ್ನು ಕೇಳಿ. ಬೆಳಿಗ್ಗೆ ಎಫ್‌ಡಿಜಿ ಪೆಟ್ (ಫ್ಲೋರಿನ್-18 ಸೇರಿಸಿದ ಸಕ್ಕರೆ ಕೊಟ್ಟು ಮಾಡುವ ಸ್ಕ್ಯಾನ್) ಮುಗಿಸಿ ಮಧ್ಯಾಹ್ನ ಬೋನ್ ಸ್ಕ್ಯಾನ್‌ಗೆ ಬಂದವರ ಮೈಯಲ್ಲಿ ಫ್ಲೋರಿನ್-18 ಇನ್ನೂ ಇರುತ್ತದೆ. ಅದರ 511 ಕೆಇವಿ ಫೋಟಾನ್‌ಗಳಿಗೆ ಲೋ ಎನರ್ಜಿ ಕಾಲಿಮೇಟರಿನ ತೆಳು ಸೀಸ ಯಾವ ಲೆಕ್ಕವೂ ಅಲ್ಲ. ಅವು ರಂಧ್ರಗಳ ನಡುವಿನ ಸೀಸದ ಗೋಡೆ ತೂರಿ ಬಂದು, ಹರಳಿನಲ್ಲಿ ಅರೆಬರೆ ಶಕ್ತಿ ಬಿಟ್ಟು 140ರ ವಿಂಡೋದೊಳಗೇ ಬೀಳುತ್ತವೆ, ಚಿತ್ರದ ತುಂಬ ಒಂದೇ ಸಮನೆ ಬೂದಿ ಎರಚಿದಂತಾಗುತ್ತದೆ. ಅರ್ಧಾಯುಷ್ಯ 110 ನಿಮಿಷ. ಮರುದಿನಕ್ಕೆ ಕರೆದರೆ ಸಮಸ್ಯೆಯೇ ಇಲ್ಲ. ಅಯೋಡಿನ್-131 ಕೊಟ್ಟಿದ್ದವರಲ್ಲೂ ಇದೇ ಕಥೆ, ಅದಕ್ಕೆ 8 ದಿನಗಳ ಅರ್ಧಾಯುಷ್ಯ ಇರುವುದರಿಂದ ಕಾಯುವುದು ವಾರಗಳ ಲೆಕ್ಕದಲ್ಲಿ. ಇಂಜೆಕ್ಷನ್ ಪಡೆದ ಇತರರನ್ನು ಕ್ಯಾಮೆರಾ ಕೋಣೆಯ ಗೋಡೆಗೆ ಒತ್ತಿದ ಬೆಂಚಿನಲ್ಲಿ ಕೂರಿಸುವುದೂ ಹಿನ್ನೆಲೆಯನ್ನು ಏರಿಸುತ್ತದೆ. ರೋಗಿಯಿಲ್ಲದೆ ಐದು ನಿಮಿಷ ಹಿನ್ನೆಲೆ ಕೌಂಟ್ ತೆಗೆದು ಹಳೆಯ ದಾಖಲೆಯೊಂದಿಗೆ ಹೋಲಿಸಿದರೆ ತಿಳಿಯುತ್ತದೆ.

ಎರಡು ಗಂಟೆ ಸಾಲದು

ಎಂಡಿಪಿಯ ಸುಮಾರು ಅರ್ಧ ಮೂಳೆಗೆ ಹಿಡಿಯುತ್ತದೆ, ಉಳಿದದ್ದು ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಎರಡು ಗಂಟೆಗೆ ಸ್ಕ್ಯಾನ್ ಮಾಡುವುದು ಮಾರ್ಗಸೂಚಿಯ ಪ್ರಕಾರ ತಪ್ಪಲ್ಲ, ಆದರೆ ಅದು ಕೆಳಗಿನ ಅಂಚು. ವಯಸ್ಸಾದವರಲ್ಲಿ, ದಪ್ಪ ಮೈಯವರಲ್ಲಿ, ಮೂತ್ರಪಿಂಡ ನಿಧಾನವಿರುವವರಲ್ಲಿ ಮಾಂಸದೊಳಗೆ ಔಷಧ ಇನ್ನೂ ಉಳಿದಿರುತ್ತದೆ; ನೀವು ನೋಡುವ ಮಬ್ಬಿನಲ್ಲಿ ಒಂದು ಪಾಲು ನಿಜವಾದ ಔಷಧವೇ. ಮೂರು ಗಂಟೆಗೆ ಸರಿಸಿ, ಕ್ರಿಯಾಟಿನಿನ್ ಹೆಚ್ಚಿರುವವರಿಗೆ ನಾಲ್ಕು ಅಥವಾ ಐದು ಗಂಟೆ ಕೊಡಿ. ಬೆಲೆ ಏನು? 6 ಗಂಟೆ ಅರ್ಧಾಯುಷ್ಯದ ಲೆಕ್ಕದಲ್ಲಿ ಎರಡರ ಬದಲು ನಾಲ್ಕು ಗಂಟೆಗೆ ಸ್ಕ್ಯಾನ್ ಮಾಡಿದರೆ ವಿಕಿರಣ ಕ್ಷಯದಿಂದ ಸುಮಾರು ಶೇ. 20 ಕೌಂಟ್ ಹೋಗುತ್ತದೆ. ಅದನ್ನು ಮೇಜಿನ ವೇಗ ಇಳಿಸಿ ತುಂಬಿಕೊಳ್ಳಬೇಕು.

ಇಂಜೆಕ್ಷನ್ನಿಗೂ ಸ್ಕ್ಯಾನಿಗೂ ನಡುವೆ ಸುಮಾರು ಒಂದು ಲೀಟರ್ ನೀರು ಕುಡಿಯಲು ಹೇಳಿ. ಹೃದಯ ವೈಫಲ್ಯ, ಡಯಾಲಿಸಿಸ್ ಇರುವವರಿಗೆ ಅವರ ಡಾಕ್ಟರು ಹಾಕಿದ ಮಿತಿಯೇ ಮಿತಿ. ಮೇಜು ಹತ್ತುವ ಮುನ್ನ ಮೂತ್ರ ವಿಸರ್ಜನೆ ಕಡ್ಡಾಯ. ಬಟ್ಟೆಗೆ ಒಂದು ಹನಿ ಬಿದ್ದರೂ ಸೊಂಟದ ಮೂಳೆಯಲ್ಲಿ ಗಾಯವಿದ್ದಂತೆ ಕಾಣುತ್ತದೆ. ಅನುಮಾನ ಬಂದರೆ ಬಟ್ಟೆ ಬದಲಿಸಿ ಆ ಭಾಗವನ್ನು ಮತ್ತೆ ತೆಗೆಯಿರಿ.

ಕಿಟ್ ಕೆಟ್ಟಿದೆಯೇ ಎಂಬುದನ್ನು ಚಿತ್ರವೇ ಹೇಳುತ್ತದೆ. ಥೈರಾಯ್ಡ್, ಜೊಲ್ಲುಗ್ರಂಥಿ, ಜಠರ ಕಂಡರೆ ಎಂಡಿಪಿಗೆ ಬಂಧವಾಗದ ಟೆಕ್ನೀಷಿಯಂ, ಅಂದರೆ ಪರ್ಟೆಕ್ನಿಟೇಟ್, ಉಳಿದಿದೆ ಎಂದರ್ಥ; ಯಕೃತ್ತು, ಗುಲ್ಮ ಎಲ್ಲ ರೋಗಿಗಳಲ್ಲೂ ಮಸುಕಾಗಿ ಕಂಡರೆ ಔಷಧದಲ್ಲಿ ಸೂಕ್ಷ್ಮ ಕಣಗಳು (ಕೊಲಾಯ್ಡ್) ಆಗಿವೆ. ಮೊದಲನೆಯದಕ್ಕೆ ಸಾಮಾನ್ಯ ಕಾರಣ ಗಾಳಿ. ವಯಲ್‌ನಿಂದ ಡೋಸ್ ಎಳೆಯುವಾಗ ಪ್ರತಿ ಸಲವೂ ಗಾಳಿ ತುಂಬಿಸಿದರೆ ಕಿಟ್ಟಿನ ತವರ ಆಕ್ಸಿಡೀಕರಣಗೊಂಡು ಟೆಕ್ನೀಷಿಯಂ ಬಂಧ ಬಿಡುತ್ತದೆ. ದಿನದ ಕೊನೆಯ ರೋಗಿಗಳ ಚಿತ್ರವೇ ಹೆಚ್ಚು ಕೆಟ್ಟಿದ್ದರೆ ಇದನ್ನೇ ಶಂಕಿಸಿ. ಮೂರು ದಿನ ಎಲ್ಯೂಟ್ ಮಾಡದೆ (ಟೆಕ್ನೀಷಿಯಂ ತೊಳೆದು ತೆಗೆಯದೆ) ಬಿಟ್ಟ ಟೆಕ್ನೀಷಿಯಂ ಜನರೇಟರ್ ಇನ್ನೊಂದು ಕಾರಣ. 24 ಗಂಟೆಯ ನಂತರದ ಎಲ್ಯೂಟ್‌ನಲ್ಲಿ ಒಟ್ಟು ಟೆಕ್ನೀಷಿಯಂ ಪರಮಾಣುಗಳ ಶೇ. 28ರಷ್ಟು 99ಎಂ ಆಗಿದ್ದರೆ, 72 ಗಂಟೆಯ ನಂತರದ್ದರಲ್ಲಿ ಶೇ. 8ರಷ್ಟು ಮಾತ್ರ. ಮಿಕ್ಕ ಟೆಕ್ನೀಷಿಯಂ-99 ಕೂಡ ಅದೇ ತವರಕ್ಕೆ ಪೈಪೋಟಿ ಮಾಡುತ್ತದೆ. ರಜೆಯ ನಂತರದ ಮೊದಲ ಎಲ್ಯೂಟ್ ಚೆಲ್ಲಿ, ಕೆಲವು ಗಂಟೆ ಬಿಟ್ಟು ತೆಗೆದದ್ದನ್ನು ಕಿಟ್ಟಿಗೆ ಬಳಸಿ. ಶುದ್ಧತೆ ಶೇ. 95ಕ್ಕಿಂತ ಕಡಿಮೆಯಿರಬಾರದು. ಪಟ್ಟಿ ಕ್ರೊಮಟೊಗ್ರಫಿ ಹತ್ತಿಪ್ಪತ್ತು ನಿಮಿಷದ ಕೆಲಸ: ಅಸಿಟೋನ್‌ನಲ್ಲಿ ಪರ್ಟೆಕ್ನಿಟೇಟ್ ತುದಿಗೆ ಓಡುತ್ತದೆ, ಸಲೈನ್‌ನಲ್ಲಿ ಕೊಲಾಯ್ಡ್ ಮೂಲದಲ್ಲೇ ಕೂರುತ್ತದೆ.

ಇಂಜೆಕ್ಷನ್ ರಕ್ತನಾಳದಿಂದ ಹೊರಗೆ ಸೋರಿದರೂ ಕೌಂಟ್ ಇಳಿಯುತ್ತದೆ. ಕೈಯನ್ನು ಚಿತ್ರದ ಚೌಕಟ್ಟಿನೊಳಗೇ ಇಡಿ. ಚಿತ್ರದಲ್ಲಿ ಮೊಣಕೈ ಬಳಿ ಗಾಢ ಕಲೆ, ಕಂಕುಳಲ್ಲಿ ಒಂದು ಗಂಟು ಕಂಡರೆ ಅದು ರೋಗವಲ್ಲ, ಸೋರಿಕೆ. ಖಾಲಿ ಸಿರಿಂಜನ್ನು ಡೋಸ್ ಕ್ಯಾಲಿಬ್ರೇಟರ್‌ನಲ್ಲಿ ಮತ್ತೆ ಅಳೆದು ಕಳೆಯುವ ಅಭ್ಯಾಸವೂ ಇರಲಿ. ಬರೆದಿಟ್ಟ 20 ಮಿಲಿಕ್ಯೂರಿಯಲ್ಲಿ ಎಷ್ಟು ನಿಜವಾಗಿ ಒಳಗೆ ಹೋಯಿತು ಎಂಬುದು ಆಗಲೇ ಗೊತ್ತಾಗುವುದು.

ಡೋಸ್ ಮತ್ತು ವೇಗದ ಲೆಕ್ಕ

ಕೌಂಟ್‌ನ ಗದ್ದಲ (ಚಿತ್ರವನ್ನು ಚುಕ್ಕೆಚುಕ್ಕೆಯಾಗಿಸುವ ಏರಿಳಿತ) ಇಳಿಯುವುದು ಕೌಂಟ್‌ನ ವರ್ಗಮೂಲದ ಪ್ರಕಾರ. 100 ಕೌಂಟ್‌ಗೆ ಶೇ. 10 ಏರಿಳಿತ, 10,000ಕ್ಕೆ ಶೇ. 1. ಗದ್ದಲ ಅರ್ಧವಾಗಬೇಕಾದರೆ ಕೌಂಟ್ ನಾಲ್ಕು ಪಟ್ಟಾಗಬೇಕು. ಡೋಸನ್ನು 20ರಿಂದ 25ಕ್ಕೆ ಏರಿಸಿದರೆ ಕೌಂಟ್ ಶೇ. 25 ಹೆಚ್ಚುತ್ತದೆ, ಗದ್ದಲ ಇಳಿಯುವುದು ಸುಮಾರು ಶೇ. 10. ಅಷ್ಟನ್ನು ಬರಿಗಣ್ಣು ಗುರುತಿಸುವುದೇ ಕಷ್ಟ. ಅದಕ್ಕಾಗಿ ಪ್ರತಿ ರೋಗಿಗೂ ಕಾಲುಭಾಗ ಹೆಚ್ಚು ವಿಕಿರಣ (20 ಮಿಲಿಕ್ಯೂರಿಗೆ ಪರಿಣಾಮಕ ಡೋಸ್ ಸುಮಾರು 4 ಮಿಲಿಸೀವರ್ಟ್), ಇಂಜೆಕ್ಷನ್ ಕೊಡುವ, ಮೇಜಿನ ಮೇಲೆ ಮಲಗಿಸುವ ನಿಮ್ಮ ಕೈಗಳಿಗೂ ಅಷ್ಟೇ ಪಾಲು.

ವೇಗವನ್ನು ನಿಮಿಷಕ್ಕೆ 18ರಿಂದ 12 ಸೆಂ.ಮೀ.ಗೆ ಇಳಿಸಿದರೆ ಕೌಂಟ್ ಒಂದೂವರೆ ಪಟ್ಟು, ಗದ್ದಲ ಶೇ. 18 ಕಡಿಮೆ. ಎರಡು ಮೀಟರ್ ಸಾಗಲು 11 ನಿಮಿಷದ ಬದಲು 17 ನಿಮಿಷ ಬೇಕು. 10 ಸೆಂ.ಮೀ.ಗೆ ಇಳಿಸಿದರೆ 20 ನಿಮಿಷ. ಒಂದೊಂದು ಬದಿಯ ಚಿತ್ರಕ್ಕೆ 15 ಲಕ್ಷ ಕೌಂಟ್ ದಾಟಿದೆಯೇ ಎಂಬುದನ್ನು ಗುರಿಯಾಗಿಟ್ಟುಕೊಳ್ಳಿ. ದಾಟದವರಿಗೆ ವೇಗ ಇನ್ನೂ ಇಳಿಯಲಿ. ಇದರ ಅಪಾಯ ಅಲುಗಾಟ. ನೋವಿರುವ ರೋಗಿ 20 ನಿಮಿಷ ಕದಲದೆ ಮಲಗಲಾರ, ಅಲುಗಿದ ಚಿತ್ರಕ್ಕಿಂತ ಸ್ವಲ್ಪ ಗದ್ದಲದ ಚಿತ್ರವೇ ವಾಸಿ. ಮಂಡಿಯ ಕೆಳಗೆ ದಿಂಬು, ತೋಳು ದೇಹಕ್ಕೆ ಸೇರಿಸಿ ಅಗಲ ಪಟ್ಟಿ, ಪಾದದ ಹೆಬ್ಬೆರಳುಗಳನ್ನು ಒಳಮುಖವಾಗಿ ಜೋಡಿಸಿ ಟೇಪು. ನೋವಿನ ಮಾತ್ರೆ ಬರೆದಿದ್ದರೆ ಅದನ್ನು ಸ್ಕ್ಯಾನಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಕೆಲಸ ಸಲೀಸು.

ಸಾಫ್ಟ್‌ವೇರ್ ಬಗ್ಗೆ

ಗದ್ದಲ ಅಳಿಸುವ ಎಐ ಸಾಫ್ಟ್‌ವೇರ್‌ಗಳು ನಿಷ್ಪ್ರಯೋಜಕ ಎಂದು ಹೇಳಲಾರೆ. ಕೌಂಟ್ ಕಡಿಮೆಯಿರುವ ಚಿತ್ರದ ಚುಕ್ಕೆಗಳನ್ನು ಅವು ಚೆನ್ನಾಗಿಯೇ ಒರೆಸುತ್ತವೆ. ಆದರೆ ಡಿಟೆಕ್ಟರ್ 15 ಸೆಂ.ಮೀ. ದೂರವಿದ್ದು ಒಂದಾಗಿಹೋದ ಎರಡು ಪಕ್ಕೆಲುಬುಗಳ ಮಾಹಿತಿ ಡೇಟಾದಲ್ಲೇ ಇಲ್ಲ. ಇಲ್ಲದ್ದನ್ನು ಸಾಫ್ಟ್‌ವೇರ್ ತೋರಿಸಿದರೆ ಅದು ಊಹೆ. ಚಿಕ್ಕ, ಮಂದವಾದ ಗಾಯವನ್ನು ಗದ್ದಲವೆಂದು ಅಳಿಸುವ ಸಾಧ್ಯತೆಯೂ ಇದೆ, ವಿಶೇಷವಾಗಿ ಬೇರೆ ಕಾಲಿಮೇಟರ್, ಬೇರೆ ವೇಗದ ಚಿತ್ರಗಳಲ್ಲಿ ಅದು ಕಲಿತಿದ್ದರೆ. ಕೊಳ್ಳುವ ಮಾತು ಬಂದರೆ ಪ್ರತಿನಿಧಿಗೆ ಒಂದು ಷರತ್ತು ಹಾಕಿ: ನಿಮ್ಮದೇ ಕ್ಯಾಮೆರಾದಲ್ಲಿ ಕೆಲವು ರೋಗಿಗಳನ್ನು ನಿಧಾನ ವೇಗದಲ್ಲಿ ಒಮ್ಮೆ, ಅವರು ಮೇಜಿನಿಂದ ಇಳಿಯುವ ಮೊದಲೇ ದುಪ್ಪಟ್ಟು ವೇಗದಲ್ಲಿ ಇನ್ನೊಮ್ಮೆ ತೆಗೆಯುವುದು, ವೇಗದ ಚಿತ್ರವನ್ನು ಸಾಫ್ಟ್‌ವೇರ್‌ಗೆ ಕೊಟ್ಟು, ಹೆಸರು ಮರೆಮಾಡಿ, ಡಾಕ್ಟರು ಎರಡನ್ನೂ ಬೇರೆ ಬೇರೆ ದಿನ ಓದುವುದು. ಗಾಯಗಳ ಎಣಿಕೆ ತಾಳೆಯಾಗದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲಲಿ.

ಬೆನ್ನುಮೂಳೆಯ ಸಂಶಯಕ್ಕೆ ಇವೆಲ್ಲಕ್ಕಿಂತ ಉಪಕಾರಿ ಸ್ಪೆಕ್ಟ್, ಅಂದರೆ ಡಿಟೆಕ್ಟರನ್ನು ದೇಹದ ಸುತ್ತ ತಿರುಗಿಸಿ ತೆಗೆಯುವ ಮೂರು ಆಯಾಮದ ಚಿತ್ರ. ಒಂದರ ಮೇಲೊಂದು ಬಿದ್ದ ರಚನೆಗಳನ್ನು ಅದು ಬೇರ್ಪಡಿಸುತ್ತದೆ, ಹೆಚ್ಚಿನ ಇಂಜೆಕ್ಷನ್ ಬೇಕಿಲ್ಲ. 120 ನೋಟ, ಒಂದೊಂದಕ್ಕೆ 15-20 ಸೆಕೆಂಡ್, 128 × 128 ಮ್ಯಾಟ್ರಿಕ್ಸ್. ಎರಡು ಡಿಟೆಕ್ಟರ್‌ಗಳಿದ್ದರೆ 15-20 ನಿಮಿಷದೊಳಗೆ ಮುಗಿಯುತ್ತದೆ. ಸುತ್ತುವ ಹಾದಿ ವೃತ್ತವಾಗಿರದೆ ದೇಹದ ಆಕಾರವನ್ನು ಅನುಸರಿಸಬೇಕು, ದೂರದ ಮಾತು ಇಲ್ಲೂ ಅದೇ. ತಿರುಗುವಿಕೆಯ ಕೇಂದ್ರ ಅರ್ಧ ಪಿಕ್ಸೆಲ್‌ಗಿಂತ ಹೆಚ್ಚು ತಪ್ಪಿದ್ದರೆ ಚಿತ್ರ ಹರಡುತ್ತದೆ, ಯೂನಿಫಾರ್ಮಿಟಿ ದೋಷ ಉಂಗುರವಾಗಿ ಮೂಡುತ್ತದೆ. ಹಾಗಾಗಿ ಮಾಮೂಲಿ ಚಪ್ಪಟೆ (ಪ್ಲೇನಾರ್) ಚಿತ್ರಕ್ಕೆ ಸಾಕಾದ ಫ್ಲಡ್ ಸ್ಪೆಕ್ಟ್‌ಗೆ ಸಾಲದು, ಕೋಟಿಗಟ್ಟಲೆ ಕೌಂಟ್‌ನ ಫ್ಲಡ್ ಬೇಕು. ಮರುರಚನೆಯಲ್ಲಿ ಐಟರೇಷನ್ (ಲೆಕ್ಕದ ಸುತ್ತುಗಳು) ಏರಿಸುತ್ತಾ ಹೋದರೆ ಅಂಚು ಚೂಪಾಗುತ್ತದೆ, ಜೊತೆಗೆ ಗದ್ದಲವೂ ಬೆಳೆಯುತ್ತದೆ. ಚದುರಿಕೆ ತಿದ್ದುಪಡಿಗೂ ಬೆಲೆಯಿದೆ. 28 ಕೆಇವಿ ಅಗಲದ ಮುಖ್ಯ ವಿಂಡೋದಲ್ಲಿ 10,000 ಕೌಂಟ್, ಅದರ ಕೆಳಗೆ ತಾಗಿದ 6 ಕೆಇವಿ ವಿಂಡೋದಲ್ಲಿ 900 ಕೌಂಟ್ ಇದ್ದರೆ, ಚದುರಿಕೆಯ ಅಂದಾಜು 900 ÷ 6 × 14 (28ರ ಅರ್ಧ), ಅಂದರೆ 2,100. ಕಳೆದರೆ ಉಳಿಯುವುದು 7,900. ಕಾಂಟ್ರಾಸ್ಟ್ ಏರುತ್ತದೆ, ಆದರೆ ಶೇ. 1 ಇದ್ದ ಗದ್ದಲ ಸುಮಾರು ಶೇ. 1.5 ಆಗುತ್ತದೆ. ಕೌಂಟ್ ಬಡವಾಗಿರುವ ಚಿತ್ರಕ್ಕೆ ಇದನ್ನು ಹಚ್ಚಬೇಡಿ.

ನಾಳೆಯಿಂದಲೇ ಶುರು ಮಾಡುವುದಾದರೆ ಮೊದಲು ಸ್ಪೆಕ್ಟ್ರಮ್ ನೋಡಿ, ಅದು ಐದು ನಿಮಿಷ. ಆಮೇಲೆ ಡಿಟೆಕ್ಟರ್ ದೂರ, ವಾರ ಕಳೆದ ಮೇಲೆ ವೇಗ, ಅದರ ನಂತರ ಕಾಯುವ ಅವಧಿ. ಒಂದೊಂದನ್ನೇ ಬದಲಿಸಿ, ಪ್ರತಿ ಹಂತದಲ್ಲೂ ಅದೇ ತೊಡೆಯ ಅನುಪಾತ ಮತ್ತು ಒಟ್ಟು ಕೌಂಟ್ ಬರೆದಿಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಎಂದು ಗೊತ್ತಾಗದೆ, ಮುಂದಿನ ಸಲ ಮತ್ತೆ ಡೋಸಿನ ಮಾತೇ ಬರುತ್ತದೆ. ಇಷ್ಟಾದರೂ ಒಂದೇ ಡಿಟೆಕ್ಟರಿನ ಚಿತ್ರ ಮಬ್ಬಾಗಿದ್ದರೆ ಡಿಟೆಕ್ಟರ್‌ಗಳನ್ನು ಹೊತ್ತ ಗ್ಯಾಂಟ್ರಿಯನ್ನು ಅರ್ಧ ಸುತ್ತು ತಿರುಗಿಸಿ ಮೇಲಿನದನ್ನು ಕೆಳಗೆ ತನ್ನಿ. ಮಬ್ಬು ಡಿಟೆಕ್ಟರಿನ ಜೊತೆಗೇ ಸ್ಥಳ ಬದಲಿಸಿದರೆ ದೋಷ ಅದರಲ್ಲೇ ಇದೆ. ಆಗ ಬಾರ್ ಫ್ಯಾಂಟಮ್ ಚಿತ್ರವನ್ನು ಕ್ಯಾಮೆರಾ ಅಳವಡಿಸಿದ ದಿನದ ಅಕ್ಸೆಪ್ಟೆನ್ಸ್ ಟೆಸ್ಟ್ ವರದಿಯ ಪಕ್ಕಕ್ಕಿಟ್ಟು, ಎನರ್ಜಿ ರೆಸಲ್ಯೂಷನ್ ಅಳತೆಯನ್ನೂ ಸೇರಿಸಿ ಸರ್ವಿಸ್ ಎಂಜಿನಿಯರ್‌ಗೆ ಕಳಿಸಿ. "ಚಿತ್ರ ಚೆನ್ನಾಗಿಲ್ಲ" ಎಂದಷ್ಟೇ ಬರೆದರೆ ಅವರು ಬಂದು ಫ್ಲಡ್ ತೆಗೆದು, ಪಾಸಾಯಿತೆಂದು ಸಹಿ ಹಾಕಿ ಹೋಗುತ್ತಾರೆ.